ಶಿವಮೊಗ್ಗದಿಂದ ಕಾರಲ್ಲಿ 20 ದಿನ: ಮಲೆನಾಡು, ಬಯಲುಸೀಮೆ, ಕರಾವಳಿ. ಈ ಪ್ಲಾನ್ ನಡಿಯುತ್ತಾ?

ತುಂಗಾನಾಲೆ

ನವೆಂಬರ್ ಎರಡನೇ ವಾರ ಶಿವಮೊಗ್ಗದಿಂದ ಹೊರಟು 20 ದಿನ ಕರ್ನಾಟಕ ಸುತ್ತೋ ಯೋಚನೆ ಇದೆ. ನಾಲ್ಕು ಜನ: ನಾವಿಬ್ಬರು, ಅಪ್ಪ (72), ಅಮ್ಮ (67, ಮಂಡಿನೋವು). ಗಾಡಿ ಏಳು ಸೀಟಿನ ಪೆಟ್ರೋಲು, ಮ್ಯಾನ್ಯುವಲ್ ಗೇರು, ಐದು ವರ್ಷ ಹಳೇದು, 61,000 ಕಿ.ಮೀ. ಓಡಿದೆ. ಓಡಿಸೋರು ಇಬ್ಬರು.

ಈಗ ಬರೆದಿಟ್ಟಿರೋದು ಹೀಗೆ:

1 ಆಗುಂಬೆ ಇಳಿದು ಉಡುಪಿ. 2 ಕೊಲ್ಲೂರು, ಮುರ್ಡೇಶ್ವರ. 3 ಗೋಕರ್ಣ. 4 ಜೋಗ, ಶಿರಸಿ. 5 ದಾಂಡೇಲಿ. 6 ಬೆಳಗಾವಿ. 7 ಐಹೊಳೆ, ಪಟ್ಟದಕಲ್ಲು, ಬಾದಾಮಿ. 8 ವಿಜಯಪುರ. 9 ಕಲಬುರಗಿ. 10 ಬೀದರ್. 11–12 ಹಂಪಿ. 13 ಚಿತ್ರದುರ್ಗ. 14 ಶ್ರವಣಬೆಳಗೊಳ. 15–16 ಮೈಸೂರು. 17 ಮಡಿಕೇರಿ. 18 ಬೇಲೂರು. 19 ಚಿಕ್ಕಮಗಳೂರು. 20 ಮನೆ.

ಕೇಳಬೇಕಾಗಿರೋದು ಮೂರು. ಓಟ ಜಾಸ್ತಿ ಆಯ್ತಾ? ತುಂಬಿದ ಗಾಡಿಲಿ ಆಗುಂಬೆ ಇಳಿಯೋದು ಹೇಗೆ? ಪೆಟ್ರೋಲು, ಟೋಲು ಎಷ್ಟು ಹಿಡಿಬೇಕು?

ಮಂಡಗದ್ದೆ ಬೆಳ್ಳಕ್ಕಿ

ಇದು ಪ್ರವಾಸ ಅಲ್ಲ ಸಾರ್, ಎಲೆಕ್ಷನ್ ಪ್ರಚಾರ.

ಎರಡನೇ ಗೇರು

19 ರಾತ್ರಿ, 17 ರೂಮು. ಅದೊಂದು ಲೆಕ್ಕ ಸಾಕು. ರೂಮು ಬದಲಾಯಿಸೋ ಪ್ರತಿ ದಿನ ಬೆಳಗ್ಗೆ ಪ್ಯಾಕ್ ಮಾಡೋಕೆ ಒಂದು ಗಂಟೆ, ಸಂಜೆ ಲಾಡ್ಜ್ ಹುಡುಕಿ ಸಾಮಾನು ಇಳಿಸೋಕೆ ಇನ್ನೊಂದು ಗಂಟೆ ಹೋಗುತ್ತೆ. ಮಂಡಿನೋವು ಇರೋರಿಗೆ ಸುಸ್ತಾಗೋದು ದೇವಸ್ಥಾನದ ಮೆಟ್ಟಿಲಲ್ಲಿ ಅಲ್ಲ, ಲಿಫ್ಟ್ ಇಲ್ಲದ ಲಾಡ್ಜಿನ ಮೆಟ್ಟಿಲಲ್ಲಿ.

ಏಳನೇ ದಿನ ನೋಡಿ. ಬೆಳಗಾವಿಯಿಂದ ಬಾದಾಮಿ ಕಡೆಗೆ ಬರೋಕೇ ಮಧ್ಯಾಹ್ನ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೊಂದು 13. ನವೆಂಬರಲ್ಲಿ ಆರಕ್ಕೆಲ್ಲ ಕತ್ತಲೆ. ಮೂರು ಊರನ್ನ ಅರ್ಧ ದಿನದಲ್ಲಿ ಮುಗಿಸಿದರೆ ಫೋಟೋ ಉಳಿಯುತ್ತೆ, ಬೇರೇನೂ ಉಳಿಯಲ್ಲ.

ಇನ್ನೊಂದು ತಪ್ಪು. ಗೋಕರ್ಣದವರೆಗೆ ಹೋಗಿ, ವಾಪಸ್ ಹೊನ್ನಾವರಕ್ಕೆ ಬಂದು, ಘಾಟಿ ಹತ್ತಿ ಜೋಗಕ್ಕೆ ಬಂದು, ಮತ್ತೆ ಶಿರಸಿಗೆ ಏರೋದು. ಜೋಗ ನಮ್ಮ ಶಿವಮೊಗ್ಗದಿಂದ ನೂರು ಕಿ.ಮೀ. ಅದಕ್ಕೆ ಸಮುದ್ರ ಸುತ್ತಿ ಬರೋದ್ಯಾಕೆ?

ಸಾಗರದವ

ಜೋಗದ ಬಗ್ಗೆ ಒಂದು ಮಾತು. ನವೆಂಬರ್ ಮಧ್ಯಕ್ಕೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ದಾರದಷ್ಟು ಆಗಿರ್ತವೆ. ನೀರೆಲ್ಲ ಮೇಲಿನ ಲಿಂಗನಮಕ್ಕಿ ಅಣೆಕಟ್ಟಲ್ಲಿ ನಿಂತಿರುತ್ತೆ, ವಿದ್ಯುತ್ತಿಗೆ ಬಿಡ್ತಾರೆ, ಜಲಪಾತಕ್ಕೆ ಬಿಡಲ್ಲ. ಪೂರ್ಣ ಮಟ್ಟ 1819 ಅಡಿ ಮುಟ್ಟಿ ಗೇಟು ತೆಗೆದರೆ ಮಾತ್ರ ಅಬ್ಬರ, ಅದೂ ಮಳೆಗಾಲದ ಮಾತು. ಹಾಗಾಗಿ ಜೋಗಕ್ಕೆ ಎರಡು ಗಂಟೆ ಸಾಕು. ಮಿಕ್ಕ ಹೊತ್ತು ಇಕ್ಕೇರಿ ಅಘೋರೇಶ್ವರ, ಕೆಳದಿ ರಾಮೇಶ್ವರ ನೋಡಿ. ಎರಡೂ ಸಾಗರದ ಪಕ್ಕದಲ್ಲೇ, ಎರಡಕ್ಕೂ ಹತ್ತೋದು ಇಲ್ಲ.

ಸಿಗಂದೂರಿಗೆ ಹೋಗೋದಾದ್ರೆ ಹಿನ್ನೀರು ದಾಟೋ ಲಾಂಚಿನ ಕ್ಯೂ ಈಗ ಇಲ್ಲ. 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯ್ತು. 2.44 ಕಿ.ಮೀ. ಉದ್ದ. ಹಳೇ ಬ್ಲಾಗ್ ಓದಿ ಲಾಂಚ್ ಸಮಯ ಲೆಕ್ಕ ಹಾಕ್ತಾ ಕೂರಬೇಡಿ.

ಸೋಗೆಮನೆ

ಲಾಂಚಲ್ಲಿ ಕಾರು ಹತ್ತಿಸಿ ಮಧ್ಯ ಹಿನ್ನೀರಲ್ಲಿ ನಿಲ್ಲೋ ಮಜಾ ಸೇತುವೆಲಿ ಎಲ್ಲಿ ಬರುತ್ತೆ.

ಸಾಗರದವ

@ಸೋಗೆಮನೆ ಆಸ್ಪತ್ರೆಗೆ ಹೋಗೋರು ಸಂಜೆ ಮೇಲೆ ಲಾಂಚ್ ಇಲ್ಲದೆ ದಡದಲ್ಲಿ ನಿಲ್ತಿದ್ರಲ್ಲ, ಆ ಮಜಾನೂ ಇಲ್ಲ ಈಗ.

ಎರಡನೇ ಗೇರು

ವಿಷಯಕ್ಕೆ ಬರ್ತೀನಿ. ಶಿವಮೊಗ್ಗದ ದೊಡ್ಡ ಅನುಕೂಲ ಅಂದ್ರೆ ಅದು ರಾಜ್ಯದ ನಡುವೆ ಇರೋದು. ಒಂದೇ ದೊಡ್ಡ ಸುತ್ತು ಹಾಕಬೇಡಿ, 8ರ ಆಕಾರದಲ್ಲಿ ಎರಡು ಸುತ್ತು ಹಾಕಿ. ಗಂಟು ಬೀಳೋ ಜಾಗ ನಿಮ್ಮ ಮನೆ. (ಇಂಗ್ಲಿಷಿನ 8 ಸ್ವಾಮಿ, ಕನ್ನಡದ ೮ ಬರೆದರೆ ಮನೆಗೆ ವಾಪಸ್ ಬರೋಕೇ ಆಗಲ್ಲ.)

ಉತ್ತರದ ಸುತ್ತು: ಸಾಗರ 1 ರಾತ್ರಿ, ಶಿರಸಿ 1, ಬಾದಾಮಿ 3, ವಿಜಯಪುರ 2, ಹೊಸಪೇಟೆ 3. ಹನ್ನೊಂದನೇ ದಿನ ಚಿತ್ರದುರ್ಗದ ಮೇಲೆ ಮನೆ. ಒಂದು ರಾತ್ರಿ ಮನೇಲಿ: ಬಟ್ಟೆ ತೊಳೆದು, ಮಾತ್ರೆ ತುಂಬಿಸಿ, ಬೇಡದ್ದು ಇಳಿಸಿ, ಸ್ವೆಟರ್ ಹಾಕಿಕೊಂಡು ಹೊರಡಿ. ಗಾಡಿಲಿ ಏನಾದ್ರೂ ಸದ್ದು ಬರ್ತಿದ್ರೆ ನಿಮ್ಮದೇ ಮೆಕ್ಯಾನಿಕ್ ಕೈಲಿ ತೋರಿಸಬಹುದು.

ದಕ್ಷಿಣದ ಸುತ್ತು: ಚಿಕ್ಕಮಗಳೂರು 2, ಮೈಸೂರು 2, ಮಡಿಕೇರಿ 2, ಉಡುಪಿ 2. ಇಪ್ಪತ್ತನೇ ದಿನ ಆಗುಂಬೆ ಹತ್ತಿ ತೀರ್ಥಹಳ್ಳಿ, ಮನೆ.

17 ರೂಮು ಹೋಗಿ 9 ಆಯ್ತು. ಎರಡೂ ಸೇರಿ 2200 ಕಿ.ಮೀ. ಆಸುಪಾಸು. ಘಾಟಿ, ಊರೊಳಗಿನ ಓಡಾಟ, ಎಸಿ ಎಲ್ಲ ಸೇರಿ ಲೀಟರಿಗೆ 14 ಹಿಡಿದರೆ 157 ಲೀಟರ್, 103 ರೂಪಾಯಿ ಲೆಕ್ಕದಲ್ಲಿ 16,200 ರೂ. ಸುಮಾರು. ಕಂಪನಿ ಹೇಳೋ ಮೈಲೇಜ್ ಹಾಕಿ ಲೆಕ್ಕ ಮಾಡಬೇಡಿ.

ಜ್ವಾಳದ ರೊಟ್ಟಿ

ಬೀದರ ಎಲ್ಲಿ ಹೋತ್ರಿ? ನಕಾಶೆದಾಗ ಟೊಪ್ಪಿಗಿ ಹಂಗ ಕುಂತೈತಿ, ಅದನ್ನ ಕತ್ತರಿಸಿ ಒಗದು ಕರ್ನಾಟಕ ಸುತ್ತಿದ್ವಿ ಅಂತೀರಿ. ಬೀದರ ಕೋಟಿ, ಅಷ್ಟೂರಿನ ಬಹಮನಿ ಗುಮ್ಮಟ, 1472ರ ಗವಾನ ಮದರಸಾ, ಬಿದರಿ ಕೆಲಸ ಮಾಡೋರ ಓಣಿ. ಇವು ಬ್ಯಾರೆ ಎಲ್ಲೂ ಸಿಗಂಗಿಲ್ಲ. ಮ್ಯಾಲ ರಸ್ತಾನೂ ಸರಳ: 50ನೇ ರಾಷ್ಟ್ರೀಯ ಹೆದ್ದಾರಿ ಬೀದರ, ಹುಮನಾಬಾದ, ಕಲಬುರಗಿ, ಜೇವರ್ಗಿ, ಸಿಂದಗಿ, ವಿಜಯಪುರ, ಕುಷ್ಟಗಿ, ಹೊಸಪೇಟಿ, ಚಿತ್ರದುರ್ಗ ಅಂತ ಒಂದ ದಾರಿ.

ಎರಡನೇ ಗೇರು

@ಜ್ವಾಳದ ರೊಟ್ಟಿ ಒಪ್ಪಿದೆ, ಆದ್ರೆ ವಿಜಯಪುರದಿಂದ ಬೀದರ್ 270 ಕಿ.ಮೀ. ಹತ್ರ, ಬೀದರಿಂದ ಹೊಸಪೇಟೆಗೆ ಇಳಿಯೋದು ಎಂಟು ಗಂಟೆ ಕೆಲಸ. ವಯಸ್ಸಾದವರ ಜತೆ ಒಂದು ದಿನಕ್ಕೆ 200 ಕಿ.ಮೀ. ದಾಟಬಾರದು. ಬೀದರ್ ಸೇರಿಸಬೇಕಾದ್ರೆ ಇನ್ನೇನೋ ಬಿಡಬೇಕು.

ಜ್ವಾಳದ ರೊಟ್ಟಿ

ಮಡಿಕೇರಿ ಬಿಡ್ರಿ. ಮಲೆನಾಡಿನವರು ಮತ್ತ ಮಂಜು, ಕಾಫಿ ಗಿಡ ನೋಡಾಕ ಅಲ್ಲಿ ಹೋಗೂದ್ಯಾಕ? ಮನೀ ಹಿತ್ತಲದಾಗ ಐತಲ್ಲ.

ಮಂಡಗದ್ದೆ ಬೆಳ್ಳಕ್ಕಿ

ಇದಕ್ಕೆ ಉತ್ತರ ಇಲ್ಲ ಗುರುಗಳೇ 😄

ಹೆಬ್ರಿ ತಿರುವು

ಆಗುಂಬೆ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ಹಾಗಾಗಿ ಉದ್ದ ಬರೀತೇನೆ.

ಒಟ್ಟು 14 ಹೇರ್‌ಪಿನ್ ತಿರುವು ಉಂಟು. ರಸ್ತೆ ಕಿರಿದು. ಇಳಿಯುವಾಗ ತೊಂದರೆ ಆಗುವುದು ವೇಗದಿಂದ ಅಲ್ಲ, ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುವುದರಿಂದ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷ ಬದಲಾಯಿಸದೆ ಇದ್ದರೆ, ಅದೂ ನಮ್ಮ ಮಳೆ ಊರುಗಳಲ್ಲಿ, ಅದರಲ್ಲಿ ನೀರಿನಂಶ ಸೇರಿರುತ್ತದೆ. ಡಿಸ್ಕ್ ಕಾಯ್ತು ಅಂದ್ರೆ ಆ ನೀರು ಕುದಿದು ಗುಳ್ಳೆ ಆಗ್ತದೆ. ಎಣ್ಣೆ ಒತ್ತಡ ದಾಟಿಸ್ತದೆ, ಗುಳ್ಳೆ ದಾಟಿಸುವುದಿಲ್ಲ. ಆಗ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗ್ತದೆ, ಗಾಡಿ ನಿಲ್ಲುವುದಿಲ್ಲ. ಮೊದಲ ಸೂಚನೆ ವಾಸನೆ, ಸುಟ್ಟ ಕ್ಲಚ್ಚಿನ ಹಾಗೆ ಮೂಗಿಗೆ ಹೊಡೀತದೆ. ಎರಡನೇ ಸೂಚನೆ, ಅಷ್ಟೇ ವೇಗಕ್ಕೆ ಮೊದಲಿಗಿಂತ ಹೆಚ್ಚು ತುಳಿಯಬೇಕಾಗುವುದು.

ಮಾಡಬೇಕಾದ್ದು: ಘಾಟಿ ಶುರುವಾಗುವ ಮೊದಲೇ ಎರಡನೇ ಗೇರು. ಎಂಜಿನ್ ಕಿರುಚಿದರೆ ಕಿರುಚಲಿ, ನಿಮಿಷಕ್ಕೆ 3500 ಸುತ್ತಿಗೆ ಏನೂ ಆಗುವುದಿಲ್ಲ. ಬ್ರೇಕ್ ಒಮ್ಮೆ ಗಟ್ಟಿ ಒತ್ತಿ ಪೂರ್ತಿ ಬಿಡಿ. ಮೆಲ್ಲಗೆ ಒತ್ತಿಕೊಂಡೇ ಇರಬೇಡಿ. ಕಡಿದಾದ ತಿರುವಿಗೆ ಒಂದನೇ ಗೇರು, ತಿರುವಿನ ಮೊದಲೇ. ನ್ಯೂಟ್ರಲ್ ಬೇಡವೇ ಬೇಡ. ಪೆಟ್ರೋಲ್ ಉಳೀತದೆ ಅಂತ ಎಂಜಿನ್ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಆಗ ಸ್ಟೇರಿಂಗ್ ಕಲ್ಲಾಗ್ತದೆ, ಎರಡು ಸಲ ತುಳಿದ ಮೇಲೆ ಬ್ರೇಕೂ ಕಲ್ಲಾಗ್ತದೆ.

ವಾಸನೆ ಬಂದರೆ ಅಗಲ ಇರುವಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಡಿ. ಡಿಸ್ಕಿಗೆ ನೀರು ಹೊಯ್ಯಬೇಡಿ, ಬಾಗ್ತದೆ. ಕಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಎಳೆದಿಡುವುದೂ ಬೇಡ, ಗೇರಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಡಿ.

61,000 ಓಡಿದೆ ಅಂತೀರಿ. ಬ್ರೇಕ್ ಆಯಿಲ್ ಬದಲಾಯಿಸಿದ್ದು ಯಾವಾಗ ಅಂತ ಬಿಲ್ ನೋಡಿ. ಸರ್ವಿಸಿನಲ್ಲಿ ಟಾಪ್-ಅಪ್ ಅಂತ ಬರೆದಿದ್ದರೆ ಅದು ಬದಲಾಯಿಸಿದ ಹಾಗಲ್ಲ.

ತುಂಗಾನಾಲೆ

ಬಿಲ್ ತೆಗೆದು ನೋಡಿದೆ. ಟಾಪ್-ಅಪ್ ಅಂತಲೇ ಇದೆ. ಹೊರಡೋ ಮೊದಲು ಪೂರ್ತಿ ಬದಲಾಯಿಸ್ತೀನಿ. ಎರಡನೇ ಗೇರು ಅವರೇ, ನಿಮ್ಮ ಪ್ಲಾನಲ್ಲಿ ಆಗುಂಬೆ ಕೊನೇ ದಿನ, ಹತ್ತೋದು. ಅದು ಬೇಕಂತಲೇ ಮಾಡಿದ್ದಾ?

ಎರಡನೇ ಗೇರು

ಹೌದು. ಹತ್ತುವಾಗ ಬ್ರೇಕ್ ಚಿಂತೆ ಇಲ್ಲ, ಎಂಜಿನ್ ಶಾಖದ್ದು ಮಾತ್ರ. ಸೋಮೇಶ್ವರದಿಂದ ಎಸಿ ಆಫ್ ಮಾಡಿ ಕಿಟಕಿ ಇಳಿಸಿ. ಟೆಂಪರೇಚರ್ ಸೂಜಿ ಮೇಲೆ ಹೋದರೆ ಹೀಟರ್ ಹಾಕಿ, ಎಂಜಿನ್ ಶಾಖ ಒಳಗೆ ಎಳೆದುಕೊಳ್ಳುತ್ತೆ, ಸೆಕೆ ಸಹಿಸಬೇಕು ಅಷ್ಟೆ. ಕಾದ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ. ಜತೆಗೆ, ಕಡಿದಾದ ರಸ್ತೇಲಿ ಹತ್ತೋ ಗಾಡಿಗೆ ಇಳಿಯೋ ಗಾಡಿ ಜಾಗ ಬಿಡಬೇಕು ಅನ್ನೋದು ನಿಯಮ.

ಹೆಬ್ರಿ ತಿರುವು

ನಿಯಮ ಉಂಟು ಮಾರಾಯ್ರೆ, ಓದಿದವರು ಎಷ್ಟು ಜನ? ಹಾರ್ನ್ ಹಾಕಿಯೇ ತಿರುವಿಗೆ ಹೋಗಿ.

ಅಂದ ಹಾಗೆ ಇಳಿಯುವುದು ತಪ್ಪುವುದಿಲ್ಲ. ಮಡಿಕೇರಿಯಿಂದ ಉಡುಪಿಗೆ ಸಂಪಾಜೆ ಘಾಟಿ ಇಳಿಯಲೇಬೇಕು. ರಸ್ತೆ ಆಗುಂಬೆಗಿಂತ ಅಗಲ, ತಿರುವು ಸೌಮ್ಯ, ಆದರೆ ಇಳಿಜಾರು ಉದ್ದ. ಮೂರನೇ ಗೇರಲ್ಲಿ ಆರಾಮ ಅಂತ ಬಿಟ್ಟರೆ ಅಲ್ಲಿಯೂ ಬ್ರೇಕ್ ಕಾಯ್ತದೆ.

ದೀಪದ ಕಂಬ

ವಾರದ ಲೆಕ್ಕ ಯಾರೂ ಹಾಕಿಲ್ಲ. ಸೋಮವಾರ ಹೊರಡಿ, ಯಾಕೆ ಅಂತ ನೋಡಿ.

ಬುಧವಾರ ಸಂಜೆ ಬಾದಾಮಿ ಸೇರ್ತೀರಿ. ಪುರಾತತ್ವ ಇಲಾಖೆ ಮ್ಯೂಸಿಯಮ್‌ಗಳಿಗೆ ಶುಕ್ರವಾರ ರಜೆ. ಹಾಗಾಗಿ ಗುರುವಾರ ಐಹೊಳೆ, ಪಟ್ಟದಕಲ್ಲು ಮುಗಿಸಿ, ಶುಕ್ರವಾರ ಬಾದಾಮಿ ಗುಹೆ, ಮಹಾಕೂಟ, ಬನಶಂಕರಿ. ಹಂಪಿ ಮಂಗಳ–ಬುಧ ಬೀಳುತ್ತೆ, ವಾರಾಂತ್ಯದ ಗದ್ದಲ ಇರಲ್ಲ. ದಕ್ಷಿಣದ ಸುತ್ತು ಶುಕ್ರವಾರ ಶುರು. ಶನಿವಾರ ಚಿಕ್ಕಮಗಳೂರಲ್ಲಿ ಮುಳ್ಳಯ್ಯನಗಿರಿ ಕಡೆ ತಲೆ ಹಾಕಬೇಡಿ, ಬೇಲೂರು–ಹಳೇಬೀಡು ಮಾಡಿ. ಬೇಲೂರು 25 ಕಿ.ಮೀ., ಅಲ್ಲಿಂದ ಹಳೇಬೀಡು 16. ಭಾನುವಾರ ಶ್ರವಣಬೆಳಗೊಳ ನೋಡಿಕೊಂಡು ಸಂಜೆ ಆರೂವರೆಗೆ ಮೈಸೂರು ತಲುಪಿದರೆ ಅರಮನೆ ದೀಪ ಸಿಗುತ್ತೆ. ಅದು ಭಾನುವಾರ ಮತ್ತು ಸರ್ಕಾರಿ ರಜೆ ದಿನ ಏಳು ಗಂಟೆಗೆ. ಸೋಮವಾರ ಅರಮನೆ ಒಳಗೆ, ಮೃಗಾಲಯ. ಮಂಗಳವಾರ ಮೃಗಾಲಯಕ್ಕೆ ರಜೆ, ಅವತ್ತು ನೀವು ಮಡಿಕೇರಿ ದಾರೀಲಿ ಇರ್ತೀರಿ.

ತುಂಗಾನಾಲೆ

ಇದು ಪಂಚಾಂಗಕ್ಕಿಂತ ಚೆನ್ನಾಗಿದೆ. ಗಿರಿ ಹಾಗಿದ್ರೆ ಶುಕ್ರವಾರವೇ?

ದೀಪದ ಕಂಬ

ಶುಕ್ರವಾರ ಮಧ್ಯಾಹ್ನ ಆಗುತ್ತೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಗೆ ಈಗ ವಾಹನಗಳನ್ನ ಲೆಕ್ಕ ಹಾಕಿ ಬಿಡ್ತಾರೆ. ಮೊದಲೇ ಆನ್‌ಲೈನಲ್ಲಿ ಸ್ಲಾಟ್ ತಗೊಂಡು ಹೋಗಿ, ಚೆಕ್‌ಪೋಸ್ಟಲ್ಲಿ ನಿಂತು ವಾದ ಮಾಡೋದು ತಪ್ಪುತ್ತೆ. ಗಿರಿಯ ಎತ್ತರ 1930 ಮೀಟರ್. ಕೊನೆಗೆ ಮೆಟ್ಟಿಲು ಹತ್ತಬೇಕು, ಅಮ್ಮ ಕೆಳಗೇ ಗಾಳಿಲಿ ಕೂತ್ಕೊಳ್ಳಲಿ, ನೋಟಕ್ಕೇನೂ ಕಮ್ಮಿ ಇಲ್ಲ.

ಊರುಗೋಲು

ಅಮ್ಮನವರ ಮಂಡಿ ಲೆಕ್ಕದಲ್ಲಿ ಜಾಗ ಜಾಗಕ್ಕೆ:

ಬಾದಾಮಿ: ನಾಲ್ಕು ಗುಹೆ, ಒಂದಕ್ಕಿಂತ ಒಂದು ಮೇಲೆ. ಮೊದಲನೇದು ಹತ್ರ. ಶಕ್ತಿ ಇದ್ರೆ ಮೂರನೇದು, 578ರ ಮಂಗಲೇಶನ ಶಾಸನ ಇರೋದು, ಅಷ್ಟಕ್ಕೆ ನಿಲ್ಲಿಸಬಹುದು. ಕೈಲಿ ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ ಬೇಡ. ಕೋತಿಗಳಿಗೆ ಚೀಲದ ಸದ್ದು ಗೊತ್ತು.

ಗೋಳಗುಮ್ಮಟ: ಪಿಸುಗುಟ್ಟುವ ಗ್ಯಾಲರಿಗೆ ಮೂಲೆ ಗೋಪುರದೊಳಗಿನ ಇಕ್ಕಟ್ಟು ಮೆಟ್ಟಿಲು, ಏಳು ಅಂತಸ್ತು. ಮಂಡಿನೋವಿಗೆ ಬೇಡ. ಕೆಳಗೆ ನಿಂತರೂ ಕಟ್ಟಡ ಕಟ್ಟಡವೇ. ಇಬ್ರಾಹಿಂ ರೋಜಾದಲ್ಲಿ ಜಗಲಿಗೆ ಹತ್ತೋ ಕೆಲವು ಮೆಟ್ಟಿಲು ಅಷ್ಟೇ, ನಿಜ ಹೇಳಬೇಕಂದ್ರೆ ಅದೇ ಹೆಚ್ಚು ಚಂದ.

ಹಂಪಿ: ವಿಠ್ಠಲ ದೇವಸ್ಥಾನಕ್ಕೆ ಪಾರ್ಕಿಂಗಿಂದ ಬ್ಯಾಟರಿ ಗಾಡಿ ಇದೆ. ದೇವಸ್ಥಾನದ ಪ್ರವೇಶ ಟಿಕೆಟ್ ಬಿಸಾಕಬೇಡಿ, ಅದೇ ದಿನ ಕಮಲ ಮಹಲ್ ಆವರಣಕ್ಕೂ ಕಮಲಾಪುರದ ಮ್ಯೂಸಿಯಮ್ಮಿಗೂ ಆಗುತ್ತೆ. ಸೂರ್ಯಾಸ್ತಕ್ಕೆ ಮತಂಗ ಬೆಟ್ಟ ಬೇಡ, ಹೇಮಕೂಟ ಸಾಕು. ಅಂಜನಾದ್ರಿ 575 ಮೆಟ್ಟಿಲು, ನಿಮ್ಮಿಬ್ಬರಿಗೆ ಮಾತ್ರ.

ಶ್ರವಣಬೆಳಗೊಳ: 650ರ ಹತ್ರ ಮೆಟ್ಟಿಲು, ಬರಿಗಾಲು. ಹತ್ತು ಗಂಟೆ ದಾಟಿದರೆ ಬಂಡೆ ಹೆಂಚಾಗುತ್ತೆ. ದಪ್ಪ ಕಾಲುಚೀಲ ಇಟ್ಕೊಳ್ಳಿ. ಡೋಲಿ ಸಿಗುತ್ತೆ, ಕೆಳಗೇ ದರ ಮಾತಾಡಿ ಹತ್ತಿ.

ಜ್ವಾಳದ ರೊಟ್ಟಿ

ಗೋಳಗುಮ್ಮಟಕ್ಕ ನಸಿಕಿನ್ಯಾಗ ಹೋಗ್ರಿ, ಬಾಗಲಾ ತಗದ ಕೂಡ್ಲೆ. ಒಂಬತ್ತಕ್ಕ ಹೋದ್ರ ಸಾಲಿ ಹುಡುಗೂರು ಒಬ್ಬೊಬ್ಬರು ಒಂದೊಂದು ಸಲ ಕೂಗ್ತಾರ, ಗುಮ್ಮಟ ಏಳ ಸಲ ಕೂಗ್ತೈತಿ. ಪಿಸುಮಾತು ಕೇಳೂದು ದೂರ ಉಳೀತು, ಬಾಜೂ ನಿಂತವರ ಮಾತೂ ಕೇಳಂಗಿಲ್ಲ.

ಇನ್ನೊಂದು ಮಾತು, ಭಾಳ ಮುಖ್ಯ. ನವೆಂಬರ್ ಅಂದ್ರ ಕಬ್ಬು ಹಂಗಾಮು. ಬಾಗಲಕೋಟಿ, ವಿಜಯಪುರದ ರಸ್ತಾದಾಗ ಒಂದ ಟ್ರ್ಯಾಕ್ಟರಿಗೆ ಎರಡ ಡಬ್ಬಿ ಕಟ್ಟಿ ಕಬ್ಬು ಹೇರಿರ್ತಾರ. ಹಿಂದ ಲೈಟ್ ಇರಂಗಿಲ್ಲ, ರಿಫ್ಲೆಕ್ಟರ್ ಇದ್ರೂ ಕಬ್ಬಿನ ಸೋಗಿ ಮುಚ್ಚಿರ್ತೈತಿ. ನೀವು 80ರಾಗ ಹೊಂಟೀರಿ, ಅದು 15ರಾಗ. ಎದರಗಿನ ಲೈಟ್ ಕಣ್ಣಿಗೆ ಹೊಡದಾಗ ಅದು ಕಾಣೂದ ಇಲ್ಲ. ಸಂಜಿ ಆರರ ಮ್ಯಾಲ ಆ ರಸ್ತಾದಾಗ ಗಾಡಿ ಹೊಡೀಬ್ಯಾಡ್ರಿ, ಮುಗೀತು. ದಾಟುವಾಗ ಎರಡನೇ ಡಬ್ಬಿ ಹೊಯ್ದಾಡತೈತಿ, ಬಾಜೂ ಜಾಗಾ ಬಿಟ್ಟು ದಾಟ್ರಿ.

ಸ್ಟೆಪ್ನಿ

ಅದರ ಜತೆ ಹುರುಳಿ. ನವೆಂಬರ್ ಕೊನೆಯಿಂದ ಹಳೇ ಮೈಸೂರು, ಚಿತ್ರದುರ್ಗ ಕಡೆ ಹಳ್ಳಿ ರಸ್ತೆಗಳಲ್ಲಿ ಹುರುಳಿ, ರಾಗಿ ಹರಡಿರ್ತಾರೆ, ಓಡಾಡೋ ಗಾಡಿಗಳೇ ಒಕ್ಕಣೆ ಮಾಡಲಿ ಅಂತ. ರಾಗಿ ಹುಲ್ಲು ಅಷ್ಟು ಕಾಟ ಕೊಡಲ್ಲ. ಹುರುಳಿ ಬಳ್ಳಿ ಹಾಗಲ್ಲ, ಚಕ್ರದ ಶಾಫ್ಟಿಗೆ ಸುತ್ತಿಕೊಳ್ಳುತ್ತೆ, ಸೈಲೆನ್ಸರ್ ಪೈಪಿಗೆ ತಾಗುತ್ತೆ, ಒಣಗಿದ್ದು ಹೊತ್ತಿಕೊಳ್ಳುತ್ತೆ. ಕಾರು ಸುಟ್ಟು ಹೋಗೋದು ಹೀಗೇ.

ಅಂಥ ಕಡೆ ಪಕ್ಕದಲ್ಲಿ ಖಾಲಿ ಜಾಗ ಇದ್ರೆ ಇಳಿಸಿ ಹೋಗಿ. ಇಲ್ಲದಿದ್ರೆ ಹಿಂದಿನ ಗಾಡಿಗಳು ತುಳಿದು ಚಪ್ಪಟೆ ಮಾಡಿದ ಜಾಡಲ್ಲೇ ನಿಧಾನಕ್ಕೆ ಹೋಗಿ, ಗುಡ್ಡೆ ಮೇಲೆ ಹತ್ತಿಸಬೇಡಿ. ದಾಟಿದ ಮೇಲೆ ಅರ್ಧ ಕಿ.ಮೀ.ಗೆ ನಿಲ್ಲಿಸಿ ಬಗ್ಗಿ ನೋಡಿ. ಸಿಕ್ಕಿದ್ರೆ ಎಂಜಿನ್ ಆಫ್ ಮಾಡಿ ಕೋಲಿಂದ ಎಳೀರಿ, ಕೈ ಹಾಕಬೇಡಿ, ಪೈಪ್ ಕೆಂಡ ಆಗಿರುತ್ತೆ. ಒಣ ಪೌಡರಿನ ಒಂದು ಕೆ.ಜಿ. ಬೆಂಕಿ ಆರಿಸೋ ಸಿಲಿಂಡರ್ ಡ್ರೈವರ್ ಸೀಟಿನ ಕೆಳಗಿರಲಿ. ಡಿಕ್ಕಿಲಿ ಸೂಟ್‌ಕೇಸಿನ ಕೆಳಗಿದ್ರೆ ಅದು ಅಲಂಕಾರಕ್ಕೆ.

ಸೋಗೆಮನೆ

ಟೋಲ್ ಪಾಸ್ ಮಾಡಿಸಿಬಿಡಿ, 3000ಕ್ಕೆ ವರ್ಷವಿಡೀ ಫ್ರೀ.

ದೀಪದ ಕಂಬ

@ಸೋಗೆಮನೆ ವರ್ಷವಿಡೀ ಫ್ರೀ ಅಲ್ಲ. 2025ರ ಆಗಸ್ಟ್ 15ಕ್ಕೆ ಶುರುವಾದಾಗ 3000 ರೂ.ಗೆ ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿ ಟೋಲಿಗೆ ಮಾತ್ರ. ರಾಜ್ಯ ಹೆದ್ದಾರಿ ಟೋಲಲ್ಲಿ ಮಾಮೂಲಿ ಫಾಸ್ಟ್ಯಾಗ್‌ನಿಂದ ದುಡ್ಡು ಕತ್ತರಿಸುತ್ತೆ. ಈ ಪ್ರವಾಸ ಒಂದಕ್ಕೇ ಆದ್ರೆ ದಂಡ, ಇವರ ದಾರಿ ಹೆಚ್ಚುಪಾಲು ಘಾಟಿ ಮತ್ತು ರಾಜ್ಯ ರಸ್ತೆ. ತಿಂಗಳಿಗೆರಡು ಸಲ ಬೆಂಗಳೂರಿಗೆ ಓಡಾಡೋರಾದ್ರೆ ಲಾಭ.

ಟ್ಯಾಗಿನ ಕೆವೈಸಿ ಸರಿ ಇದೆಯಾ, ಗಾಜಿಗೆ ಅಂಟಿದೆಯಾ ನೋಡ್ಕೊಳ್ಳಿ. 2025ರ ನವೆಂಬರ್ 15ಕ್ಕೆ ಬಂದ ನಿಯಮದಲ್ಲಿ ಟ್ಯಾಗ್ ಕೈಕೊಟ್ರೆ ಯುಪಿಐಲಿ ಒಂದೂಕಾಲು ಪಟ್ಟು, ನಗದಾದ್ರೆ ಎರಡು ಪಟ್ಟು ಇತ್ತು.

ಬೆಣ್ಣೆಮುರುಕು

ಹೊಸಪೇಟೆಯಿಂದ ವಾಪಸ್ ಬರುವಾಗ ಚಿತ್ರದುರ್ಗ ಯಾಕೆ? ಹರಪನಹಳ್ಳಿ, ಹರಿಹರ, ಹೊನ್ನಾಳಿ ಮೇಲೆ ಬನ್ನಿ. ದೂರ ಕಡಿಮೆ, ಹರಿಹರದಲ್ಲಿ ಹರಿಹರೇಶ್ವರ, ಒಂಚೂರು ವಾಲಿದರೆ ದಾವಣಗೆರೆ ಬೆಣ್ಣೆದೋಸೆ.

ಎರಡನೇ ಗೇರು

ದೂರ ಕಡಿಮೆ, ಹೊತ್ತು ಕಡಿಮೆ ಅಲ್ಲ. ಊರೂರಿಗೂ ಹಂಪು. ಹೆದ್ದಾರಿಲಿ ಚಿತ್ರದುರ್ಗ ಬಂದು ಕೋಟೆ ಕೆಳಗಿನ ಬಾಗಿಲುಗಳಷ್ಟು ನೋಡಿ ಬರಬಹುದು.

ಬೆಣ್ಣೆಮುರುಕು

ದೋಸೆ ಬಗ್ಗೆ ಒಂದು ಮಾತೂ ಆಡಲಿಲ್ಲ ನೀವು.

ಮಂಡಗದ್ದೆ ಬೆಳ್ಳಕ್ಕಿ

ದಾವಣಗೆರೆ ದೋಸೆಗೆ ಬೆಣ್ಣೆ ಹಾಕೋದು ದೋಸೆ ಮುಚ್ಚೋಕೆ. ಕೊಟ್ಟಿಗೆಹಾರದ ನೀರುದೋಸೆಗೆ ಏನೂ ಹಾಕಬೇಕಾಗಿಲ್ಲ.

ಬೆಣ್ಣೆಮುರುಕು

ಹಿಟ್ಟನ್ನ ನೀರಲ್ಲಿ ಕದಡಿ ಕಾವಲಿ ಮೇಲೆ ಚೆಲ್ಲಿದ್ರೆ ಅದು ದೋಸೆನಾ?

ಹೆಬ್ರಿ ತಿರುವು

ಎಂತ ಹೇಳಿದ್ರಿ? ಬನ್ನಿ ಘಾಟಿ ಕೆಳಗೆ, ಮಾತಾಡುವ.

ಊರುಗೋಲು

ದೋಸೆ ಜಗಳ ಬೇರೆ ಕಡೆ ಇಟ್ಕೊಳ್ಳಿ. ರೂಮಿನ ವಿಷಯ: ನವೆಂಬರ್ ಮಧ್ಯದಿಂದ ಶಬರಿಮಲೆ ಮಾಲೆ ಹಾಕಿದೋರ ಗಾಡಿಗಳು ಶುರು. ಉಡುಪಿ, ಕೊಲ್ಲೂರು, ಧರ್ಮಸ್ಥಳ, ಸುಬ್ರಹ್ಮಣ್ಯದಲ್ಲಿ ರೂಮಿಗೆ ಪರದಾಟ. ಉಡುಪಿ ಎರಡು ರಾತ್ರಿ ಈಗಲೇ ಹಿಡೀರಿ. ಡಿಸೆಂಬರಿಗೆ ತಳ್ಳಿದ್ರೆ ಶಾಲಾ ಪ್ರವಾಸದ ಬಸ್ಸುಗಳು, ಬೇಲೂರು, ಮೈಸೂರು, ಜೋಗ ಮೂರೂ ಕಡೆ ಸಾಲು. ಬುಕ್ ಮಾಡುವಾಗ ಫೋನಲ್ಲಿ ಮೂರೇ ಪ್ರಶ್ನೆ: ನೆಲಮಹಡಿ ರೂಮಿದೆಯಾ, ಕಮೋಡ್ ಇದೆಯಾ, ಗಾಡಿ ಒಳಗೆ ನಿಲ್ಲುತ್ತಾ. ಮಿಕ್ಕಿದ್ದು ಹೋದ ಮೇಲೆ ನೋಡಿದ್ರಾಯ್ತು.

ಸಾಗರದವ

ಶಿರಸಿಯಿಂದ ಬನವಾಸಿ 23–24 ಕಿ.ಮೀ., ಮಧುಕೇಶ್ವರ ನೋಡಿ ಬನ್ನಿ, ಸಮತಟ್ಟು ಜಾಗ. ತೊಡದೇವು (ಹಾಳೆಯಷ್ಟು ತೆಳ್ಳಗಿನ ಸಿಹಿತಿಂಡಿ) ಸಿಕ್ಕಿದ್ರೆ ಡಬ್ಬಿಲಿ ಹಾಕಿಸಿಕೊಳ್ಳಿ, ಪೊಟ್ಟಣದಲ್ಲಿ ತಂದ್ರೆ ಬಾದಾಮಿಗೆ ಪುಡಿಯಾಗಿ ಬರುತ್ತೆ.

ಕಾಡಿನ ರಸ್ತೆಲಿ ಫೋನಿಗೆ ಸಿಗ್ನಲ್ ಇರಲ್ಲ, ನಕ್ಷೆ ಮೊದಲೇ ಇಳಿಸಿಟ್ಕೊಳ್ಳಿ. ನಕ್ಷೆ ‘12 ನಿಮಿಷ ಉಳಿಯುತ್ತೆ’ ಅಂತ ಎಡಕ್ಕೆ ತಿರುಗಿಸಿದ್ರೆ ತಿರುಗಬೇಡಿ. ಅದು ಯಾರದೋ ಅಡಿಕೆ ತೋಟದಲ್ಲಿ ಮುಗಿಯುತ್ತೆ. ಬಸ್ ಹೋಗೋ ದಾರಿನಾ ಅಂತ ಅಂಗಡಿಲಿ ಕೇಳಿ, ಹೌದು ಅಂದ್ರೆ ಹೋಗಿ.

ತುಂಗಾನಾಲೆ

ಎಲ್ಲರಿಗೂ ಥ್ಯಾಂಕ್ಸ್. ತೀರ್ಮಾನ: 8ರ ಆಕಾರ, ಸೋಮವಾರ ಹೊರಡೋದು. ಬೀದರ್ ವಿಷಯಕ್ಕೆ ಮನೇಲಿ ಓಟಿಗೆ ಹಾಕಿದ್ವಿ, ಮಡಿಕೇರಿಗೆ ಮೂರು ಓಟು, ಬೀದರಿಗೆ ಒಂದು, ಅದೂ ಅಪ್ಪಂದು. ಬೀದರ್, ಕಲಬುರಗಿ, ಬಸವಕಲ್ಯಾಣ ಸೇರಿಸಿ ಜನವರಿಲಿ ರೈಲಲ್ಲಿ ಬೇರೆ ಹೋಗ್ತೀವಿ.

ಜ್ವಾಳದ ರೊಟ್ಟಿ

ಅಪ್ಪಾರಿಗೆ ಶರಣು ಹೇಳ್ರಿ. ಜನವರಿ ಚಲೋ, ಆದ್ರ ಬೀದರ ಚಳಿಗೆ ಕಂಬಳಿ ಒಯ್ರಿ.

ಸ್ಟೆಪ್ನಿ

@ತುಂಗಾನಾಲೆ ಏಳು ಸೀಟಿನ ಗಾಡಿ ಅಂದ್ರಿ. ಸ್ಟೆಪ್ನಿ ಡಿಕ್ಕಿ ಒಳಗಿದೆಯಾ, ಗಾಡಿ ಹೊಟ್ಟೆ ಕೆಳಗೆ ನೇತಾಡ್ತಿದೆಯಾ? ಕೆಳಗಿದ್ರೆ ಐದು ವರ್ಷದಲ್ಲಿ ಒಂದು ಸಲನಾದ್ರೂ ಇಳಿಸಿದ್ದೀರಾ?

ತುಂಗಾನಾಲೆ

ಕೆಳಗೇ ಇದೆ. ಇಳಿಸಿಲ್ಲ. ಈಗ ಹೋಗಿ ನೋಡಿದೆ, ಬೋಲ್ಟ್ ಅಲ್ಲಾಡ್ತಿಲ್ಲ.

ಸ್ಟೆಪ್ನಿ

ನಮ್ಮ ಕಡೆ ಮಳೆ, ಕೆಸರಿಗೆ ಅದು ಹಾಗೇ ಆಗೋದು. ಕಾಲಿಂದ ತುಳಿದು ತಿರುಗಿಸಬೇಡಿ, ತಲೆ ಸವೆದ್ರೆ ವೆಲ್ಡಿಂಗ್ ಶಾಪೇ ಗತಿ. ತಂತಿ ಬ್ರಷ್ಷಿಂದ ಮಣ್ಣು ಉಜ್ಜಿ, ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಬೆಳಗ್ಗೆ ಇನ್ನೊಂದು ಸಲ ಹೊಡೆದು, ಒಂಚೂರು ಬಿಗಿ ಮಾಡೋ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚೋ ಕಡೆಗೆ. ತುಕ್ಕು ಒಡೆಯೋ ಸದ್ದು ಟಕ್ ಅಂತ ಕೇಳುತ್ತೆ. ಇಳಿಸಿದ ಮೇಲೆ ಗಾಳಿ ನೋಡಿ, ಮಾಮೂಲಿಗಿಂತ ಎರಡು ಪಾಯಿಂಟ್ ಜಾಸ್ತಿ ಹಾಕಿಸಿ, ಬೋಲ್ಟಿಗೆ ಗ್ರೀಸ್ ಸವರಿ ಮೇಲೆತ್ತಿ. ಜಾಕ್ ಕೆಳಗೆ ಇಡೋಕೆ ಒಂದಡಿ ಚೌಕದ ಹಲಗೆ ತುಂಡು ಹಾಕ್ಕೊಳ್ಳಿ, ಎರೆಮಣ್ಣಲ್ಲಿ ಬರೀ ಜಾಕ್ ಇಟ್ರೆ ಗಾಡಿ ಏಳಲ್ಲ, ಜಾಕೇ ಇಳಿಯುತ್ತೆ.

ತುಂಗಾನಾಲೆ

ಟಕ್ ಅಂತು. ಗಾಳಿ ಬರೀ 11 ಪಾಯಿಂಟ್ ಇತ್ತು.